ಮುದಿ ಕಂಪ್ಯೂಟರು

ಮದುವೆ ಪತ್ರಿಕೆ ಟೈಪು ಮಾಡುವುದರಲ್ಲಿ ನಾಗವೇಣಿಯ ಗಂಡನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಈಗೀಗ ಒಂದು ಪತ್ರಿಕೆಗೆ ಇಡೀ ಹಗಲು ಹಿಡಿಯುತ್ತಿತ್ತು.

"ಈ ಕಂಪ್ಯೂಟರು ಎತ್ತಿನ ಗಾಡಿ ಆಗಿದೆ ಕಣೇ. ನಾನು ಒತ್ತಿ ಯಾವ ಕಾಲಕ್ಕೋ ಅಕ್ಷರ ಬರುತ್ತೆ."

"ನಿಮ್ಮ ಜತೆ ಅದಕ್ಕೂ ವಯಸ್ಸಾಯ್ತು ಅನ್ನಿ."

"ವಯಸ್ಸಾಗಿರೋದು ಅದಕ್ಕೆ, ನನಗಲ್ಲ!"

ವೇಗ ಹೆಚ್ಚುತ್ತದೆ ಅಂತ ಯಾರು ಯಾವ ಸಾಫ್ಟ್‌ವೇರು ಹೇಳಿದರೂ ಅವರು ಹಾಕಿಕೊಂಡಿದ್ದರು. ಏನೂ ಗಿಟ್ಟಲಿಲ್ಲ. ಕೊನೆಗೆ ನಾಗವೇಣಿಯೇ ರಿಪೇರಿಯವನನ್ನು ಕರೆಸಿದಳು.

"ವೇಗ ಮಾಡ್ತೀವಿ ಅಂತ ಬಂದವೇ ಇದರ ಕತ್ತು ಹಿಸುಕ್ತಾ ಕೂತಿದ್ವು ಸಾರ್. ಎಲ್ಲಾ ಕಿತ್ತುಹಾಕಿದೀನಿ," ಅಂದ ಅವನು. "ಈಗ ಒತ್ತಿ ನೋಡಿ, ಕುದುರೆ!"

ಗಂಡ ಮದುವಣಿಗನ ಹಾಗೆ ನಗುತ್ತ ಕೂತರು. 'ಗುರು' ಎಂದು ಒತ್ತಿದರು. ಒತ್ತಿದ ಕೂಡಲೇ ಅಕ್ಷರ ಮೂಡಿತು. ಆಮೇಲೆ ಬೆರಳು 'ಹಿ'ಗಾಗಿ ಕೀಬೋರ್ಡಿನ ತುಂಬ ತಡಕಾಡಿತು. ಪರದೆಯ ಮೇಲೆ ಕರ್ಸರು ಮಿಟುಕುತ್ತ ಕಾಯುತ್ತಲೇ ಇತ್ತು. ಊರಿನ ಅರ್ಧ ಮದುವೆಗಳಿಗೆ 'ಗುರುಹಿರಿಯರು ನಿಶ್ಚಯಿಸಿದಂತೆ' ಎಂದು ಕಣ್ಣುಮುಚ್ಚಿ ಹೊಡೆದ ಕೈ ಅದು.

"ಇನ್ನೂ ನಿಧಾನ ಅನ್ಸುತ್ತಾ ಸಾರ್?"

ಅವರು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಕೂತರು.

ನಾಗವೇಣಿ ರಿಪೇರಿಯವನನ್ನು ಬಾಗಿಲಾಚೆಗೆ ಕರೆದು, ದನಿ ತಗ್ಗಿಸಿದಳು.

"ನಿನಗೆ ಕೈ ಮುಗೀತೀನಿ ಕಣಪ್ಪಾ, ಕಿತ್ತುಹಾಕಿದ್ದನ್ನೆಲ್ಲ ವಾಪಸ್ಸು ಹಾಕಿ, ಅದನ್ನ ಮೊದಲಿನ ಹಾಗೇ ನಿಧಾನ ಮಾಡಿಬಿಡು."