ಬೋರ್ಡಿನ ಬೆಳಕು

ರಚನಾ ಅಂಗೈಯಲ್ಲಿದ್ದ ಆಮೆಮರಿಯನ್ನು ಹೋಟೆಲಿನ ಗಲ್ಲಾದ ಮೇಲಿಟ್ಟಳು. ಆಟೋ ಚಕ್ರಕ್ಕೆ ಸಿಕ್ಕಿ ಅದು ಅಪ್ಪಚ್ಚಿಯಾಗಿತ್ತು. “ಬೋರ್ಡಿನ ಲೈಟು ಆರಿಸಿ ಅಂತ ಇನ್ನೆಷ್ಟು ಸಲ ಹೇಳ್ಬೇಕು ಸುಬ್ರಾಯರೇ? ನಾಲ್ಕು ಗಿರಾಕಿ ಹೆಚ್ಚಿಗೆ ಬರೋದಕ್ಕೆ ಇವೆಲ್ಲ ಸಾಯ್ಬೇಕಾ?”

ಚೆನ್ನೈನ ಫೈನಾನ್ಸ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವಳು ಕಡಲತಡಿಯ ಈ ಕುಪ್ಪಂನ, ಅಂದರೆ ಮೀನುಗಾರರ ಕೇರಿಯ, ಆಮೆ ರಕ್ಷಣಾ ಸಂಘಕ್ಕೆ ಅಧ್ಯಕ್ಷೆ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕು ಕಂಡತ್ತ ಹೋಗುತ್ತವೆ, ರಸ್ತೆ ಬೆಳಗಿದರೆ ಸಮುದ್ರ ಬಿಟ್ಟು ರಸ್ತೆಗೇ ಬರುತ್ತವೆ ಎಂದು ಮನೆಮನೆಗೂ ಹೋಗಿ ತಿಳಿಹೇಳಿದ್ದಳು. ಇಡೀ ಕುಪ್ಪಂ ಒಪ್ಪಿತ್ತು. ಒಪ್ಪದೆ ಜಗಳಕ್ಕೆ ನಿಂತವರು ಈ ಸುಬ್ರಾಯರೊಬ್ಬರೇ. ಅದಕ್ಕೇ ಇವತ್ತು ನಸುಕಿನಲ್ಲಿ ಮರಳಿನಿಂದ ರಸ್ತೆಯವರೆಗೆ ಸತ್ತ ಮರಿಗಳನ್ನು ಆಯುತ್ತ ಬಂದವಳು, ಬಗ್ಗಿಸಿದ ತಲೆಯನ್ನೂ ಎತ್ತದೆ ನೇರ ಇಲ್ಲಿಗೆ ನುಗ್ಗಿದ್ದಳು.

ಸುಬ್ರಾಯರು ಗಲ್ಲಾ ಬಿಟ್ಟೆದ್ದು ಬಾಗಿಲಿಗೆ ಬಂದರು. “ನಮ್ಮ ಬೋರ್ಡು ಆರಿಸಿ ವಾರ ಆಯ್ತಮ್ಮ. ಪಕ್ಕದಲ್ಲಿ ಉರಿಯುವುದು ನಮ್ಮದಲ್ಲ. ಸ್ವಲ್ಪ ಮೇಲೆ ನೋಡಿ.”

ಹೋಟೆಲಿಗೆ ತಾಗಿಕೊಂಡೇ, ಸಮುದ್ರಕ್ಕೆ ಮುಖಮಾಡಿ, ಎರಡಾಳೆತ್ತರದ ಫ್ಲೆಕ್ಸು ನಿಂತಿತ್ತು. ಇಂದಿನ ಸನ್ಮಾನಕ್ಕೆಂದು ಕುಪ್ಪಂನವರು ನಿನ್ನೆ ರಾತ್ರಿ ಪ್ರೀತಿಯಿಂದ ಕಟ್ಟಿದ್ದು. ‘ಆಮೆಗಳ ತಾಯಿಗೆ ಸ್ವಾಗತ’ ಎಂಬ ತಮಿಳು ಅಕ್ಷರಗಳ ಮೇಲೆ ಕೈಮುಗಿದು ನಗುತ್ತಿದ್ದ ರಚನಾಳ ಮುಖಕ್ಕೆ ಎರಡೂ ಬದಿಯಿಂದ ಫೋಕಸ್ ಲೈಟು ಬಿಟ್ಟಿದ್ದರು. ರಸ್ತೆ ದಾಟಿ ಬದುಕಿದ್ದ ಮರಿಯೊಂದು ಆ ನಗುವಿನ ಕಡೆಗೇ ತೆವಳುತ್ತಿತ್ತು.