ಹೊಸ ಡಿಸ್ಕಿನ ಪೂಜೆ

ನಂದಿನಿ ಲ್ಯಾಪ್‌ಟಾಪನ್ನು ಮಂಚದ ಮೇಲೆ ಬೋರಲು ಹಾಕಿ ಸ್ಕ್ರೂ ಬಿಚ್ಚುತ್ತಿದ್ದಳು. ಹನ್ನೊಂದಕ್ಕೆ ಆನ್‌ಲೈನ್ ಸಂದರ್ಶನ, ಒಂದು ತಾಸೂ ಉಳಿದಿಲ್ಲ. ಮಾತು ಕೇಳಿಸಿಕೊಂಡು ಕನ್ನಡದಲ್ಲಿ ಟೈಪ್ ಮಾಡಿಕೊಡುವ ಕೆಲಸ, ಘೋಡಗೇರಿಯ ಮನೆಯಲ್ಲೇ ಕೂತು ಮಾಡಬಹುದು. ಹೋದ ಸಲ ಈ ಹಾಳು ಲ್ಯಾಪ್‌ಟಾಪು ನಟ್ಟನಡುವೆ ಗಕ್ಕನೆ ನಿಂತು, ಅದು ಮತ್ತೆ ಏಳುವಷ್ಟರಲ್ಲಿ ಕಂಪನಿಯವರು ಕರೆ ಕಡಿದು ಹೋಗಿದ್ದರು. ಅಂಗಲಾಚಿ ಬೇಡಿ ಇನ್ನೊಂದು ಅವಕಾಶ ಗಿಟ್ಟಿಸಿದ್ದಾಳೆ. ಇದೂ ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದಾರೆ.

ಅದಕ್ಕೇ ಗಂಡ ಶಿವಪುತ್ರ ನಿನ್ನೆ ಲ್ಯಾಪ್‌ಟಾಪನ್ನು ಸಂಕೇಶ್ವರದ ಅಂಗಡಿಗೆ ಒಯ್ದಿದ್ದ. ಅಂಗಡಿಯವರು ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಎಸ್‌ಎಸ್‌ಡಿ ಎಂಬ ಚುರುಕಾದ ಹೊಸ ಡಿಸ್ಕಿಗೆ ಇಳಿಸಿದರು, ಒಳಗೆ ಕೂಡಿಸಿಯೂ ಕೊಡುತ್ತೇವೆ ಅಂದರು. ಈ ಪುಣ್ಯಾತ್ಮ ಬೇಡವೆಂದು ಹೊಸದನ್ನು ಹಾಗೇ ಕಿಸೆಯಲ್ಲಿಟ್ಟುಕೊಂಡು ಬಂದ. ಅವನವ್ವ ಅಲ್ಲವ್ವನ ಅಪ್ಪಣೆ ಹಾಗಿತ್ತು. ಸೈಕಲ್ಲಿನ ಟೈರಿರಲಿ, ಬೋರ್‌ವೆಲ್ಲಿನ ಮೋಟಾರಿರಲಿ, ಹೊಸದೇನೇ ಬಂದರೂ ಮೊದಲು ದೇವರ ಜಗಲಿಯ ಮುಂದೆ ಕೂರಬೇಕು, ಆಮೇಲೇ ಕೆಲಸಕ್ಕೆ ಹತ್ತಬೇಕು. ಅವ್ವನ ಮಾತು ಮೀರುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಆಗಲಿ ಬಿಡು, ವಿಡಿಯೋ ನೋಡಿಕೊಂಡು ನಾನೇ ಕೂಡಿಸುತ್ತೇನೆ ಎಂದು ನಂದಿನಿಯೂ ಒಪ್ಪಿದ್ದಳು.

ಬೆಳಿಗ್ಗೆ ಪೂಜೆ ಮುಗಿಸಿದ ಅಲ್ಲವ್ವ ಡಿಸ್ಕನ್ನು ಹಸಿರು ಕುಪ್ಪಸದ ಖಣದಲ್ಲಿ ಸುತ್ತಿ, ಎರಡೂ ಕೈಯಿಂದ ಸೊಸೆಗೆ ಕೊಟ್ಟಳು. ಈಗ ಅದನ್ನು ಬಿಡಿಸಿ ತೆಗೆಯುವಾಗ ನಂದಿನಿಗೆ ಎಂಥ ಸಡಗರ ಅಂತೀರಿ! ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಹಳೆಯದನ್ನು ಎಳೆದು ತೆಗೆದಳು, ಹೊಸದನ್ನು ಅದರ ಜಾಗಕ್ಕೆ ಒತ್ತಿ ಕೂಡಿಸಿದಳು, ಗುಂಡಿ ಒತ್ತಿದಳು.

ಪರದೆ ಕಪ್ಪಾಗಿಯೇ ಇತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು, ಡಿಸ್ಕ್ ಸಿಗುತ್ತಿಲ್ಲವೆಂದು. ಆರಿಸಿ ಮತ್ತೆ ಒತ್ತಿದಳು, ಅದೇ ಸಾಲು. ಗಂಡನಿಗೆ ಫೋನ್ ಹಚ್ಚಿದರೆ ಅವನು ದುಡಿಯುವ ಸಕ್ಕರೆ ಕಾರ್ಖಾನೆಯ ಗದ್ದಲದಲ್ಲಿ ಅವನಿಗೆ ಕೇಳಿಸಬೇಕಲ್ಲ. ಹಳೆಯದನ್ನೇ ಹಾಕೋಣ, ಕುಂಟುತ್ತಲಾದರೂ ನಡೆದೀತು ಎಂದು ಹೊಸದನ್ನು ಹೊರಗೆಳೆದಾಗ ಬೆರಳಿಗೆ ಕೆಂಪು ಜಿಡ್ಡು ಹತ್ತಿತು. ತಿರುಗಿಸಿ ನೋಡಿದಳು. ಲ್ಯಾಪ್‌ಟಾಪಿಗೆ ಕಚ್ಚಿಕೊಳ್ಳುವ ಬಂಗಾರ ಬಣ್ಣದ ಹಲ್ಲುಗಳ ಸಾಲಿನ ತುಂಬ ಎಣ್ಣೆ, ಅರಿಷಿಣ, ಕುಂಕುಮ.

"ಏನ್ ಮಾಡಿಟ್ಟೀರಿ ಅತ್ತಿ? ನನ್ನ ನೌಕರಿಗೆ ಎಳ್ಳುನೀರು ಬಿಟ್ರಲ್ರಿ!"

ಅಲ್ಲವ್ವನ ಮುಖ ಸಣ್ಣದಾಯಿತು. "ಅಲ್ಲೊಂದ ಕಡೆ ಬಂಗಾರದಂಗ ಹೊಳ್ಯಾಕತ್ತಿತ್ತವ್ವ," ಅಂದಳು. "ಅದ ಅದರ ಮಾರಿ ಅಂತ ತಿಳದು ಹಣಿಗೆ ಹಚ್ಚಿದಂಗ ಕುಂಕುಮ ಹಚ್ಚಿದ್ನಿ." ಅಷ್ಟು ಹೇಳಿ, ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಲಿಗೆ ನಡೆದಳು.

ಸಿಟ್ಟು ಮಾಡುತ್ತ ಕೂರಲು ಹೊತ್ತೆಲ್ಲಿದೆ? ಕೊರೋನಾ ಕಾಲದ ಸ್ಯಾನಿಟೈಸರ್ ಶೀಶೆ ಗೋಡೆಯ ಗೂಡಿನಲ್ಲಿ ಇನ್ನೂ ಇತ್ತು. ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಡಿಸ್ಕಿನ ಹಲ್ಲನ್ನೂ ಅದು ಕೂರುವ ಜಾಗವನ್ನೂ ಮೆಲ್ಲಗೆ ಒರೆಸಿ, ಗಾಳಿ ಹಾಕಿ ಹಾಕಿ ಒಣಗಿಸಿದಳು. ಮತ್ತೆ ಕೂಡಿಸಿದಳು. ಗುಂಡಿ ಒತ್ತಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದರೆ ಎಲ್ಲ ಬಂದು ಕೂತಿದೆ! ಮೊನ್ನೆಯವರೆಗೆ ಗುಂಡಿ ಒತ್ತಿ ಹೋಗಿ ಹಿಟ್ಟು ನಾದಿ ರೊಟ್ಟಿ ಬಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅದೇ ಲ್ಯಾಪ್‌ಟಾಪು ಇದೇನಾ? ನಂದಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅತ್ತೆಗೆ ಅಷ್ಟು ಜೋರು ಮಾಡಬಾರದಿತ್ತು ಅನ್ನಿಸಿತು. ಕೂಗಿ ಕರೆಯಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಕರೆ ಬಂದೇ ಬಂತು.

ಟೈಪ್ ಮಾಡಬೇಕಾದ ಮಾತನ್ನು ಒಂದೇ ಸಲ ಕೇಳಿಸುತ್ತೇವೆ, ಸುತ್ತ ಸಣ್ಣ ಸದ್ದೂ ಇರಬಾರದು ಎಂದಳು ಕಂಪನಿಯ ಹೆಣ್ಣುಮಗಳು. ಆಕೆಯ ದನಿ ತೆರೆದ ಕಿಟಕಿಯಾಚೆಗೂ ಹೋಗುವಂತಿತ್ತು. ನಂದಿನಿ ಉಸಿರು ಬಿಗಿಹಿಡಿದು ಕೇಳಿದಳು, ಬರೆದಳು. ಬೆರಳು ಓಡಿದಷ್ಟೂ ಲ್ಯಾಪ್‌ಟಾಪು ಓಡಿತು, ಎಲ್ಲಿಯೂ ತಡೆಯಲಿಲ್ಲ. ಬರೆದದ್ದನ್ನು ಅಲ್ಲೇ ಓದಿ ನೋಡಿದ ಆಕೆ ಸೋಮವಾರದಿಂದ ಕೆಲಸ ಶುರು ಮಾಡಿ ಅಂದಾಗ, ನಂದಿನಿ ಜೋರಾಗಿ ತಲೆ ಆಡಿಸಿದಳು.

"ನೀವು ಕೂತಿರೋ ಜಾಗ ತುಂಬಾ ಶಾಂತವಾಗಿದೆ," ಅಂದಳು ಆಕೆ. "ಯಾವುದಾದರೂ ಆಫೀಸಾ?"

ನಂದಿನಿ ಕಿಟಕಿಯತ್ತ ತಿರುಗಿದಳು. ಹಿತ್ತಲ ಬಿಸಿಲಿನಲ್ಲಿ ಎಮ್ಮೆ ಗೂಟದ ಸುತ್ತ ಸುತ್ತುತ್ತಿತ್ತು. ಅದರ ಕೊರಳಿನ ಗಂಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದ ಅಲ್ಲವ್ವ, ಅದು ಹೆಜ್ಜೆಯಿಟ್ಟಂತೆಲ್ಲ ತಾನೂ ಹೆಜ್ಜೆಯಿಡುತ್ತ ಸುತ್ತುತ್ತಿದ್ದಳು.