ತೊಮಾಸಾಳ ಮಾಟ

ಕಬ್ಬು ಕಡಿಯುವ ಮಚ್ಚಿನಿಂದ ಬಾಗಿಲು ಒಡೆದು ನುಗ್ಗಿದ ಎವಾರಿಸ್ತೊ, ತಾನು ಹಿಂದೆ ಪ್ರೀತಿಸಿ ಕೈಬಿಟ್ಟಿದ್ದ ತೊಮಾಸಾಳ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದ. ಅಲಗು ಅವಳ ಕೊರಳಿಗೆ ಒತ್ತಿತು.

“ನನ್ ಫೋಟೊಗೆ ಕರಿದಾರ ಸುತ್ತಿ ಎಲ್ಲಿ ಹೂತಿದೀಯ, ಹೇಳೇ ಮಾಟಗಾತಿ! ಆರು ತಿಂಗ್ಳಿಂದ ಹೆಂಡ್ತಿ ಪಕ್ಕ ಹೆಣದ ಥರ ಬಿದ್ಕೊಂಡಿದೀನಿ.”

ನೆಲದ ಮೇಲೆ ರಕ್ತ ಹರಿಯುತ್ತಿತ್ತು. ಅದನ್ನು ಕಂಡು ಅವನ ಕೈ ಸಡಿಲಾಯಿತು.

“ಅದು ನಂದಲ್ಲ, ನಿನ್ ಕಾಲು ನೋಡ್ಕೋ,” ಎಂದಳು ತೊಮಾಸಾ. “ನಿನ್ನಂಥವನಿಗೆ ಮಾಟ ಬೇರೆ ಕೇಡು! ಇದು ಸಕ್ಕರೆ ಕಾಯಿಲೆ ಕಣೋ. ನನ್ ಗಂಡಾನೂ ಮೊದ್ಲು ಹಾಸಿಗೇಲಿ ಸೋತ. ಆಮೇಲೆ ಕಾಲಿಗೆ ಬೆಂಕಿ ತಾಗಿದ್ರೂ ಗೊತ್ತಾಗ್ತಿರ್ಲಿಲ್ಲ.”

ಎವಾರಿಸ್ತೊ ಬಗ್ಗಿ ನೋಡಿದ. ಬಾಗಿಲು ಕಡಿಯುವಾಗ ಜಾರಿದ ಮಚ್ಚು ಅವನ ಪಾದವನ್ನೇ ಮೂಳೆ ಕಾಣುವಂತೆ ಸೀಳಿತ್ತು. ಗಾಯದೊಳಗೆ ಬೆರಳಿಟ್ಟು ಒತ್ತಿದ. ನೋವಾಗಲಿಲ್ಲ.

ಆಗ ಅವನು ಚೀರಿದ.